ಪರದೆಯ ಮೇಲಿನ ಅಂಕಿ ಎಲ್ಲಿಂದ ಬಂತು? ಸಿಸ್ಟರ್‌ಗಳಿಗೆ ಭೌತಶಾಸ್ತ್ರ ಯಾಕೆ ಬೇಕು

ಪಿಯುಸಿಯಲ್ಲಿ ಸೈನ್ಸ್ ಮುಗಿಸಿ ನರ್ಸಿಂಗ್‌ಗೆ ಸೇರಿದವರಲ್ಲಿ ಬಹಳಷ್ಟು ಮಂದಿ, ಫಿಸಿಕ್ಸ್ ಕಾಟ ಇಲ್ಲಿಗೆ ತಪ್ಪಿತು ಅಂದುಕೊಳ್ಳುತ್ತಾರೆ. ಆದರೆ ಬೆಂಗಳೂರಿನ ಯಾವ ಐಸಿಯುಗೆ ಹೋದರೂ ಒಂದು ಹಾಸಿಗೆಯ ಸುತ್ತ ಮಾನಿಟರ್, ವೆಂಟಿಲೇಟರ್, ಮೂರೋ ನಾಲ್ಕೋ ಸಿರಿಂಜ್ ಪಂಪ್, ಸಕ್ಷನ್, ಆಕ್ಸಿಜನ್ ಇದ್ದೇ ಇರುತ್ತದೆ. ಬಯೋಮೆಡಿಕಲ್ ಇಂಜಿನಿಯರ್ ಬರುವುದು ಯಂತ್ರ ಕೆಟ್ಟಾಗ ಇಲ್ಲವೇ ಕ್ಯಾಲಿಬ್ರೇಶನ್ ಇದ್ದಾಗ. ಡಾಕ್ಟರ್ ರೌಂಡ್ಸ್ ಮುಗಿಸಿ ಹೋಗುತ್ತಾರೆ. ಉಳಿದ ಹೊತ್ತೆಲ್ಲ ಆ ಯಂತ್ರಗಳ ಪಕ್ಕದಲ್ಲಿ ನಿಂತಿರುವವರು ಸಿಸ್ಟರ್‌ಗಳು ಮತ್ತು ಬ್ರದರ್‌ಗಳು.

ಯಾವ ಬಟನ್ ಒತ್ತಬೇಕು ಎಂಬುದನ್ನು ಕಂಪನಿಯವರು ಬಂದು ಅರ್ಧ ಗಂಟೆಯಲ್ಲಿ ತೋರಿಸಿ ಹೋಗುತ್ತಾರೆ. ಈ ಯಂತ್ರ ನಿಜವಾಗಿ ಅಳೆಯುತ್ತಿರುವುದು ಏನನ್ನು, ಪರದೆಯ ಮೇಲಿನ ಅಂಕಿಗೆ ಬರುವ ಮುಂಚೆ ಅದು ಏನೇನನ್ನು ಸುಮ್ಮನೆ ನಂಬಿಕೊಂಡಿತು ಎಂಬುದನ್ನು ಸಾಮಾನ್ಯವಾಗಿ ಯಾರೂ ಹೇಳಿಕೊಡುವುದಿಲ್ಲ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ಪರಿಷ್ಕರಿಸಿದ ಬಿಎಸ್ಸಿ ಪಠ್ಯದಲ್ಲಿ ಇನ್‌ಫರ್ಮ್ಯಾಟಿಕ್ಸ್ ಮತ್ತು ಟೆಕ್ನಾಲಜಿ ಎಂಬ ವಿಷಯ ಸೇರಿದ್ದು ಒಳ್ಳೆಯದೇ. ಅದರಲ್ಲಿ ಕಂಪ್ಯೂಟರ್, ದಾಖಲೆಗಳ ಪಾಲೇ ಹೆಚ್ಚು. ಹಾಸಿಗೆಯ ಪಕ್ಕದ ಭೌತಶಾಸ್ತ್ರವನ್ನು ಈಗಲೂ ನಾವೇ ಕಲಿತುಕೊಳ್ಳಬೇಕು.

ಸಿರಿಂಜ್ ಪಂಪ್‌ನಿಂದ ಶುರು ಮಾಡೋಣ. 60 ಕೆ.ಜಿ. ತೂಕದ ರೋಗಿಗೆ, ಬಿದ್ದ ಬಿಪಿಯನ್ನು ಏರಿಸುವ ನಾರ್‌ಅಡ್ರಿನಲಿನ್ ಔಷಧಿ ನಿಮಿಷಕ್ಕೆ ಕೆ.ಜಿ.ಗೆ 0.1 ಮೈಕ್ರೋಗ್ರಾಂ ಹೋಗಬೇಕು. 50 ಮಿ.ಲೀ.ನಲ್ಲಿ 4 ಮಿಲಿಗ್ರಾಂ ಹಾಕಿದ್ದೀರಿ, ಅಂದರೆ ಒಂದು ಮಿ.ಲೀ.ನಲ್ಲಿ 80 ಮೈಕ್ರೋಗ್ರಾಂ. ನಿಮಿಷಕ್ಕೆ 6, ಗಂಟೆಗೆ 360 ಮೈಕ್ರೋಗ್ರಾಂ. 80ರಿಂದ ಭಾಗಿಸಿದರೆ ಗಂಟೆಗೆ 4.5 ಮಿ.ಲೀ. ಪಂಪ್‌ನಲ್ಲಿ 4.5 ಎಂದು ಕೊಟ್ಟು ಸ್ಟಾರ್ಟ್ ಒತ್ತುತ್ತೀರಿ. ಲೆಕ್ಕ ಸರಿ. ಆದರೆ ಆ ಪಂಪ್‌ಗೆ ಮಿಲಿಲೀಟರ್ ಏನೆಂದೇ ಗೊತ್ತಿಲ್ಲ. ಒಳಗೊಂದು ಮೋಟರ್ ಉದ್ದನೆಯ ತಿರುಪನ್ನು ತಿರುಗಿಸುತ್ತದೆ, ತಿರುಪು ಪ್ಲಂಜರನ್ನು ತಳ್ಳುತ್ತದೆ. ಪ್ಲಂಜರ್ ಎಷ್ಟು ಮಿಲಿಮೀಟರ್ ಸರಿಯಿತು ಎಂಬುದಷ್ಟೇ ಪಂಪ್‌ನ ಅರಿವು. ಅದನ್ನು ಸಿರಿಂಜ್‌ನ ಒಳ ವಿಸ್ತೀರ್ಣದಿಂದ ಗುಣಿಸಿ ಮಿ.ಲೀ. ಎಂದು ತೋರಿಸುತ್ತದೆ. ಆ ವಿಸ್ತೀರ್ಣ ಅದಕ್ಕೆ ಸಿಗುವುದು ನೀವು ಮೆನುವಿನಲ್ಲಿ ಆರಿಸಿದ ಸಿರಿಂಜ್ ಬ್ರ್ಯಾಂಡ್‌ನಿಂದ.

ತೊಂದರೆ ಶುರುವಾಗುವುದು ಇಲ್ಲೇ. ಸ್ಟೋರ್ಸ್‌ನಲ್ಲಿ ಈ ತಿಂಗಳು ಒಂದು ಕಂಪನಿಯ ಸಿರಿಂಜ್ ಬರುತ್ತದೆ, ಟೆಂಡರ್ ಬದಲಾದರೆ ಮುಂದಿನ ತಿಂಗಳು ಇನ್ನೊಂದು. ಎರಡರ ಮೇಲೂ 50 ಮಿ.ಲೀ. ಎಂದೇ ಇರುತ್ತದೆ. ಒಂದು ತುಸು ದಪ್ಪಗೆ ಗಿಡ್ಡಗೆ, ಇನ್ನೊಂದು ತುಸು ಸಣ್ಣಗೆ ಉದ್ದಕ್ಕೆ. ಸಿರಿಂಜ್ ಹಿಡಿಯುವ ಕ್ಲ್ಯಾಂಪ್ ಸೈಜನ್ನು ಗುರುತಿಸಬಹುದು, ಬ್ರ್ಯಾಂಡನ್ನು ಗುರುತಿಸುವುದಿಲ್ಲ. ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ, ಪಂಪ್ ನಂಬಿದ್ದಕ್ಕಿಂತ ವ್ಯಾಸ ಶೇ. 5ರಷ್ಟು ಕಡಿಮೆಯಿದ್ದರೆ ಔಷಧಿ ಹತ್ತಿರಹತ್ತಿರ ಶೇ. 10ರಷ್ಟು ಕಡಿಮೆ ಹೋಗುತ್ತದೆ. ಪರದೆ ಮಾತ್ರ 4.5 ಎಂದೇ ಹೇಳುತ್ತಿರುತ್ತದೆ, ಅಲಾರಂ ಕೂಗುವುದಿಲ್ಲ. ಇದನ್ನು ಹಿಡಿಯಲು ಬೇಕಿರುವುದು ಕಣ್ಣು ಮತ್ತು ಗಡಿಯಾರ. ಸಿರಿಂಜ್ ಹಾಕಿದ ಹೊತ್ತನ್ನೂ ಆಗ ಇದ್ದ ಗೆರೆಯನ್ನೂ ಲೇಬಲ್ ಮೇಲೆ ಬರೆಯಿರಿ. ಎರಡು ಗಂಟೆಯ ಮೇಲೆ 9 ಮಿ.ಲೀ. ಇಳಿದಿರಬೇಕು. 8 ಮಾತ್ರ ಇಳಿದಿದ್ದರೆ ಮೆನುವಿನಲ್ಲಿರುವ ಬ್ರ್ಯಾಂಡನ್ನೂ ಸಿರಿಂಜ್ ಮೇಲಿನ ಬ್ರ್ಯಾಂಡನ್ನೂ ತಾಳೆ ನೋಡಿ. ಡ್ಯೂಟಿ ಹ್ಯಾಂಡೋವರ್‌ನಲ್ಲಿ ಪರದೆಯ ಅಂಕಿಯನ್ನಷ್ಟೇ ಓದಿ ಹೇಳುವ ಅಭ್ಯಾಸ ಬಿಟ್ಟು, ಸಿರಿಂಜ್‌ನ ಗೆರೆಯನ್ನೂ ಓದಿ ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಇದೇ ಪಂಪ್‌ನಲ್ಲಿ ಇನ್ನೂ ಅಪಾಯದ ವಿಷಯ ಒಂದಿದೆ. ಲೈನ್ (ಔಷಧಿ ಹೋಗುವ ಕೊಳವೆ) ಎಲ್ಲೋ ಮಡಚಿಕೊಂಡಿದೆ, ಅಥವಾ ಅದರ ನಡುವಿನ ತ್ರೀ-ವೇ (ಮೂರು ದಾರಿಯ ನಲ್ಲಿ) ಮುಚ್ಚಿಹೋಗಿದೆ ಅಂದುಕೊಳ್ಳಿ. ಮೋಟರ್ ತಳ್ಳುತ್ತಲೇ ಇರುತ್ತದೆ. ಪ್ಲಂಜರ್‌ನ ರಬ್ಬರ್ ಅದುಮಿಕೊಳ್ಳುತ್ತದೆ, ಟ್ಯೂಬ್ ಹಿಗ್ಗುತ್ತದೆ, ಒತ್ತಡ ಏರುತ್ತದೆ. ಅಡ್ಡಿಯನ್ನು ಪತ್ತೆಹಚ್ಚಲು ಪಂಪ್ ಅಳೆಯುವುದು ಹರಿವನ್ನಲ್ಲ, ಒತ್ತಡವನ್ನು; ಮಿತಿ ದಾಟಿದ ಮೇಲೆಯೇ ಅದು ಕೂಗುವುದು. ರೇಟ್ ಕಡಿಮೆ ಇದ್ದಷ್ಟೂ, ಸಿರಿಂಜ್ ದೊಡ್ಡದಿದ್ದಷ್ಟೂ ಈ ಕಾಯುವಿಕೆ ಉದ್ದ. ಗಂಟೆಗೆ 4.5 ಮಿ.ಲೀ. ರೇಟ್‌ನಲ್ಲಿ ಹತ್ತು ನಿಮಿಷದ ಮೇಲೆ ಅಲಾರಂ ಬಂದಿದ್ದರೆ, ಆ ಹತ್ತು ನಿಮಿಷ ರೋಗಿಗೆ ಔಷಧಿ ಹೋಗಿಲ್ಲ. 0.75 ಮಿ.ಲೀ., ಅಂದರೆ 60 ಮೈಕ್ರೋಗ್ರಾಂ ನಾರ್‌ಅಡ್ರಿನಲಿನ್, ಒತ್ತಡದಲ್ಲಿ ಲೈನ್‌ನೊಳಗೆ ಕಾದು ಕೂತಿದೆ. ಅಲಾರಂ ಕೇಳಿ ಓಡಿಬಂದು ಮಡಿಕೆ ಬಿಡಿಸಿದ ಕೂಡಲೇ ಅಷ್ಟೂ ಒಂದೇ ಏಟಿಗೆ ಒಳಗೆ ಹೋಗುತ್ತದೆ, ಬಿಪಿ ಇದ್ದಕ್ಕಿದ್ದಂತೆ ಏರುತ್ತದೆ. ಸರಿಯಾದ ಕ್ರಮ ಹೀಗೆ: ಮೊದಲು ಪಂಪ್ ನಿಲ್ಲಿಸಿ. ರೋಗಿಯ ಕಡೆಯ ತ್ರೀ-ವೇಯನ್ನು ಮುಚ್ಚಿ. ಪಂಪ್ ಕಡೆಯ ಲೈನನ್ನು ಕಳಚಿ, ಒತ್ತಡ ಹೊರಗೆ ಹೋಗಲು ಬಿಡಿ. ಆಮೇಲೆ ಮಡಿಕೆ ಬಿಡಿಸಿ, ಹನಿ ಬರುವವರೆಗೆ ಪರ್ಜ್ ಮಾಡಿ (ಪಂಪ್‌ನಿಂದಲೇ ಔಷಧಿಯನ್ನು ತಳ್ಳಿಸಿ ಹೊರಗೆ ಬಿಡಿ), ಮತ್ತೆ ಜೋಡಿಸಿ, ತ್ರೀ-ವೇ ತೆರೆದು ಸ್ಟಾರ್ಟ್ ಕೊಡಿ. ಇದಕ್ಕೆ ಒಂದು ನಿಮಿಷವೂ ಬೇಡ.

ಹೊಸ ಸಿರಿಂಜ್ ಹಾಕಿದಾಗ ಪರ್ಜ್ ಬೇಕು ಎನ್ನುವುದಕ್ಕೂ ಕಾರಣ ಇಂಥದ್ದೇ. ತಳ್ಳುವ ಭಾಗಕ್ಕೂ ಪ್ಲಂಜರ್‌ಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದಿರುತ್ತದೆ. ಗಂಟೆಗೆ 1–2 ಮಿ.ಲೀ. ರೇಟ್‌ನಲ್ಲಿ ಆ ಸಂದು ಮುಚ್ಚುವುದಕ್ಕೇ ಹಲವು ನಿಮಿಷ ಬೇಕು, ಅಷ್ಟರಲ್ಲಿ ರೋಗಿಯ ಬಿಪಿ ಬಿದ್ದಿರುತ್ತದೆ. ಕೈಯಿಂದ ಒತ್ತಿ ಲೈನ್ ತುಂಬಿಸಿದರೆ (ಪ್ರೈಮ್ ಮಾಡಿದರೆ) ಸಂದು ಹಾಗೇ ಉಳಿಯುತ್ತದೆ. ಸಿರಿಂಜನ್ನು ಪಂಪ್‌ನಲ್ಲಿ ಕೂರಿಸಿದ ಮೇಲೆ ಪಂಪ್‌ನಿಂದಲೇ ಪರ್ಜ್ ಮಾಡಿಸಬೇಕು, ಆಗ ರೋಗಿಗೆ ಜೋಡಿಸಿರಬಾರದು. ಪ್ಲಂಜರ್‌ನ ತಲೆ ಕೊಂಡಿಯಲ್ಲಿ ಸರಿಯಾಗಿ ಸಿಕ್ಕಿದೆಯೇ ಎಂದೂ ನೋಡಿ. ಸಿಕ್ಕದೆ, ಪಂಪ್ ರೋಗಿಗಿಂತ ಒಂದು ಮೀಟರ್ ಮೇಲಿದ್ದರೆ, ಆ ನೀರಿನ ಕಂಬದ ಭಾರ ಸುಮಾರು 74 ಮಿ.ಮೀ. ಪಾದರಸದಷ್ಟು. ಔಷಧಿ ಹೋಗುವ ಅಭಿಧಮನಿಯ (ವೇನ್) ಒಳಗಿನ ಒತ್ತಡ ಅದರ ಮುಂದೆ ತೀರಾ ಕಡಿಮೆ. ಪ್ಲಂಜರ್ ತಾನಾಗಿ ಜಾರಿ ಸಿರಿಂಜ್ ಖಾಲಿಯಾಗಬಹುದು. ಪಂಪನ್ನು ರೋಗಿಯ ಎದೆಯ ಮಟ್ಟದಲ್ಲೇ ಇಡಿ. ನಡೆಯುತ್ತಿರುವಾಗ ಸ್ಟ್ಯಾಂಡ್ ಮೇಲೆ ಮೇಲಕ್ಕೆ ಕೆಳಕ್ಕೆ ಸರಿಸಬೇಡಿ.

ನೀರಿನ ಕಂಬದ ಇದೇ ಲೆಕ್ಕ, ಅಪಧಮನಿಯೊಳಗೆ ಕೊಳವೆ ಇಟ್ಟು ಬಿಪಿ ಅಳೆಯುವ ಆರ್ಟೀರಿಯಲ್ ಲೈನ್‌ನಲ್ಲೂ ಬರುತ್ತದೆ, ಅಲ್ಲಿ ಅದು ಮೋಸ ಮಾಡುವ ರೀತಿ ಬೇರೆ. ಒಂದು ಸೆಂ.ಮೀ. ನೀರು ಎಂದರೆ 0.74 ಮಿ.ಮೀ. ಪಾದರಸ. ಒತ್ತಡವನ್ನು ಅಳೆಯುವ ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟದಲ್ಲಿರಬೇಕು; ನಾಲ್ಕನೇ ಪಕ್ಕೆಲುಬಿನ ಸಂದಿಯ ಗೆರೆ ಕಂಕುಳಿನ ನಡುಗೆರೆಯನ್ನು ಸೇರುವ ಜಾಗ ಅದು. ಈಗ ನೋಡಿ. ರೋಗಿಯ ನಿಜವಾದ ಮೀನ್ (ಸರಾಸರಿ) ಪ್ರೆಶರ್ 58 ಇದೆ. ಡ್ರೆಸ್ಸಿಂಗ್ ಮಾಡಲು ಅನುಕೂಲವಾಗಲಿ ಎಂದು ಕಾಟನ್ನು 15 ಸೆಂ.ಮೀ. ಎತ್ತರಿಸಿದಿರಿ. ಟ್ರಾನ್ಸ್‌ಡ್ಯೂಸರ್ ಕಂಬಕ್ಕೆ ಸಿಕ್ಕಿಸಿದ್ದು, ಅದು ಅಲ್ಲೇ ಉಳಿಯಿತು, ಅಂದರೆ ಹೃದಯಕ್ಕಿಂತ 15 ಸೆಂ.ಮೀ. ಕೆಳಗಾಯಿತು. ಮಾನಿಟರ್ 11 ಕೂಡಿಸಿ 69 ತೋರಿಸುತ್ತದೆ. ಗುರಿ 65. ಎಲ್ಲರಿಗೂ ಸಮಾಧಾನ, ಯಾರೋ ನಾರ್‌ಅಡ್ರಿನಲಿನ್ ಒಂದು ಹೆಜ್ಜೆ ಇಳಿಸುತ್ತಾರೆ. ಮೂತ್ರ ಕಡಿಮೆಯಾಗುತ್ತಿದೆ ಯಾಕೆ ಎಂದು ಬೆಳಗ್ಗೆ ರೌಂಡ್ಸ್‌ನಲ್ಲಿ ಚರ್ಚೆ ನಡೆಯುತ್ತದೆ. ಇಲ್ಲಿ ಯಂತ್ರ ಕೆಟ್ಟಿಲ್ಲ, ಕ್ಯಾಲಿಬ್ರೇಶನ್ ಸ್ಟಿಕ್ಕರ್ ಹೊಸದೇ ಇದೆ. ಹೃದಯ ಎಲ್ಲಿದೆ ಎಂದು ಟ್ರಾನ್ಸ್‌ಡ್ಯೂಸರ್‌ಗೆ ಹೇಳುವವರು ಇರಲಿಲ್ಲ, ಅಷ್ಟೇ. ಕಾಟ್ ಎತ್ತರಿಸಿದಾಗ, ತಲೆಭಾಗ ಏರಿಸಿದಾಗ, ರೋಗಿಯನ್ನು ಪಕ್ಕಕ್ಕೆ ತಿರುಗಿಸಿದಾಗ, ಪ್ರತಿಸಲವೂ ಮಟ್ಟ ನೋಡಿ.

ಅಲೆಯ ಆಕಾರವನ್ನೂ ಓದಲು ಬರಬೇಕು. ಲೈನ್‌ಗೆ ಸಲೈನ್ ತಳ್ಳುವ ಪ್ರೆಶರ್ ಬ್ಯಾಗ್‌ನಲ್ಲಿ 300 ಮಿ.ಮೀ. ಇದೆಯೇ ನೋಡಿಕೊಂಡು ಫ್ಲಶ್ ಎಳೆದು ಥಟ್ಟನೆ ಬಿಡಿ. ಚೌಕಾಕಾರದ ಅಲೆಯ ಕೊನೆಯಲ್ಲಿ ಒಂದೆರಡು ಸಣ್ಣ ಏರಿಳಿತ ಬಂದು ನಿಂತರೆ ಲೈನ್ ಚೆನ್ನಾಗಿದೆ. ಏರಿಳಿತವೇ ಇಲ್ಲದೆ ಮಂಕಾಗಿ ಇಳಿದರೆ ಒಳಗೆ ಗಾಳಿಗುಳ್ಳೆ, ರಕ್ತದ ಹೆಪ್ಪು, ಇಲ್ಲವೇ ಮಡಚಿದ ಕ್ಯಾನುಲಾ ಇದೆ. ಗಾಳಿ ಅದುಮಿಕೊಳ್ಳುತ್ತದೆ, ನೀರು ಅದುಮಿಕೊಳ್ಳುವುದಿಲ್ಲ. ಹಾಗಾಗಿ ಒಂದು ಗುಳ್ಳೆಯೇ ನಾಡಿಯ ಏಟನ್ನು ನುಂಗಿಬಿಡುತ್ತದೆ. ಆಗ ಸಿಸ್ಟೋಲಿಕ್ ಕಡಿಮೆ, ಡಯಾಸ್ಟೋಲಿಕ್ ಜಾಸ್ತಿ ತೋರಿಸುತ್ತದೆ. ಮೀನ್ ಹೆಚ್ಚುಕಡಿಮೆ ಸರಿಯಾಗಿಯೇ ಉಳಿಯುತ್ತದೆ. ಔಷಧಿಯನ್ನು ಮೀನ್ ನೋಡಿ ಏರಿಳಿಸಿ ಎಂದು ಹೇಳುವುದಕ್ಕೆ ಇದೂ ಒಂದು ಕಾರಣ. ತೋಳಿಗೆ ಕಟ್ಟುವ ಬಟ್ಟೆಯ ಬಿಪಿ ಕಫ್‌ನ ವಿಷಯ ಇಷ್ಟೇ: ಒಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಶೇ. 40, ಉದ್ದ ಶೇ. 80 ಇರಬೇಕು. ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದರೆ ಇಲ್ಲದ ಬಿಪಿ ಕಾಣಿಸಿಕೊಳ್ಳುತ್ತದೆ.

ಪಲ್ಸ್ ಆಕ್ಸಿಮೀಟರ್ ಈಗ ಮನೆಮನೆಯಲ್ಲೂ ಇದೆ. ಅದು ಬೆರಳಿನ ಮೂಲಕ ಎರಡು ಬೆಳಕು ಬಿಡುತ್ತದೆ, 660 ನ್ಯಾನೋಮೀಟರ್‌ನ ಕೆಂಪು, 940ರ ಅತಿಗೆಂಪು. ನಾಡಿಯ ಜೊತೆ ಏರಿಳಿಯುವ ಭಾಗವನ್ನಷ್ಟೇ ತೆಗೆದುಕೊಂಡು, ಎರಡರ ಅನುಪಾತದಿಂದ ಶೇಕಡಾವಾರು ಲೆಕ್ಕ ಹಾಕುತ್ತದೆ. ನಾಡಿಯೇ ದುರ್ಬಲವಾಗಿದ್ದರೆ, ಕೈ ತಣ್ಣಗಿದ್ದರೆ, ಅದೇ ತೋಳಿಗೆ ಬಿಪಿ ಕಫ್ ಕಟ್ಟಿದ್ದರೆ ಅಂಕಿಗೆ ಬೆಲೆಯಿಲ್ಲ. ಮೊದಲು ಅಲೆ, ಆಮೇಲೆ ಮಾನಿಟರ್‌ನ ನಾಡಿಗೂ ಕೈಗೆ ಸಿಗುವ ನಾಡಿಗೂ ತಾಳೆ, ಕೊನೆಗೆ ಶೇಕಡಾವಾರು. ಈ ಕ್ರಮ ಬಿಡಬೇಡಿ. ಗಾಢ ಬಣ್ಣದ ನೇಲ್ ಪಾಲಿಶ್ ಇದ್ದರೆ ಒರೆಸಿ, ದಟ್ಟ ಮೆಹಂದಿ ಇದ್ದರೆ ಬೇರೆ ಜಾಗ ನೋಡಿ. ಕಪ್ಪು ಮೈಬಣ್ಣದ ರೋಗಿಗಳಲ್ಲಿ ರಕ್ತದ ಆಕ್ಸಿಜನ್ ಕಡಿಮೆಯಿದ್ದರೂ ಆಕ್ಸಿಮೀಟರ್ ಚೆನ್ನಾಗಿದೆ ಎಂದು ತೋರಿಸುವುದು, ಬಿಳಿಯರಿಗೆ ಹೋಲಿಸಿದರೆ, ಸುಮಾರು ಮೂರು ಪಟ್ಟು ಹೆಚ್ಚು ಎಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ನಮ್ಮ ವಾರ್ಡ್‌ಗಳಲ್ಲಿ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

ಈ ಎರಡು ಬೆಳಕಿನ ಉಪಾಯಕ್ಕೆ ಇಂಗಾಲದ ಮಾನಾಕ್ಸೈಡ್ ಗೊತ್ತಾಗುವುದಿಲ್ಲ. ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಕೆಂಪು ಬೆಳಕಿಗೆ ಆಕ್ಸಿಜನ್ ಹಿಡಿದ ಹಿಮೋಗ್ಲೋಬಿನ್‌ನಂತೆಯೇ ಕಾಣುತ್ತದೆ. ಬೆಂಗಳೂರಿನವರು ಇದನ್ನು ಚೆನ್ನಾಗಿ ತಿಳಿದಿರಬೇಕು, ಯಾಕೆಂದರೆ ಇಲ್ಲಿ ಸಣ್ಣ ಬಾತ್‌ರೂಮ್, ಒಳಗೇ ಗ್ಯಾಸ್ ಗೀಸರ್, ಚಳಿಗೆ ಮುಚ್ಚಿದ ಕಿಟಕಿ ಎಲ್ಲ ಒಟ್ಟಿಗೆ ಸೇರುತ್ತವೆ. ಡಿಸೆಂಬರ್ ಬೆಳಗಿನಲ್ಲಿ ಸ್ನಾನಕ್ಕೆ ಹೋದ ಹುಡುಗಿ ಬಾಗಿಲು ತೆಗೆಯಲಿಲ್ಲ ಎಂದು ಮನೆಯವರು ಕ್ಯಾಶುವಾಲ್ಟಿಗೆ ಎತ್ತಿಕೊಂಡು ಬರುತ್ತಾರೆ. ಬೆರಳಿಗೆ ಪ್ರೋಬ್ ಹಾಕಿದರೆ 98. ಆಕ್ಸಿಜನ್ ಸರಿಯಾಗಿದೆ, ಫಿಟ್ಸ್ ಇರಬಹುದು ಎಂದು ದಾರಿ ತಪ್ಪುವುದು ಈ ಅಂಕಿಯಿಂದಲೇ. ಕೇಳಬೇಕಾದ ಪ್ರಶ್ನೆ: ಗೀಸರ್ ಯಾವುದು, ಎಲ್ಲಿದೆ, ಮನೆಯಲ್ಲಿ ಇನ್ಯಾರಿಗಾದರೂ ತಲೆನೋವು, ವಾಂತಿ ಇದೆಯೇ? ಕೂಡಲೇ ರಿಸರ್ವಾಯರ್ ಚೀಲವಿರುವ ಮಾಸ್ಕ್‌ನಲ್ಲಿ ನಿಮಿಷಕ್ಕೆ 15 ಲೀಟರ್ ಆಕ್ಸಿಜನ್ ಹಾಕಿ, ಡಾಕ್ಟರ್‌ಗೆ ಹೇಳಿ, ಕೋ-ಆಕ್ಸಿಮೀಟರ್ (ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಅನ್ನು ಬೇರೆಯಾಗಿ ಅಳೆಯುವ ಭಾಗ) ಇರುವ ಯಂತ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಸಾಧಾರಣ ಗಾಳಿಯಲ್ಲಿ ಮಾನಾಕ್ಸೈಡ್ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಕ್ಸಿಜನ್‌ನಲ್ಲಿ ಒಂದರಿಂದ ಒಂದೂವರೆ ಗಂಟೆ ಸಾಕು. ಪ್ರೋಬ್ 98 ತೋರಿಸಿತೆಂದು ಮಾಸ್ಕ್ ತೆಗೆಯಬಾರದು.

ಬೆಂಗಳೂರಿನದ್ದೇ ಇನ್ನೊಂದು ವಿಷಯ ಎತ್ತರ. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿನ ವಾಯುಒತ್ತಡ 760 ಅಲ್ಲ, 685 ಮಿ.ಮೀ. ಪಾದರಸದ ಆಸುಪಾಸು. ಉಸಿರಿನ ತೇವದ 47 ಕಳೆದು 0.21ರಿಂದ ಗುಣಿಸಿದರೆ ಒಳಗೆಳೆದ ಗಾಳಿಯಲ್ಲಿ ಆಕ್ಸಿಜನ್‌ನ ಒತ್ತಡ 134. ಮಂಗಳೂರಿನಲ್ಲಿ ಅದೇ 150. ಎಬಿಜಿ (ಅಪಧಮನಿ ರಕ್ತದ ಅನಿಲ ಪರೀಕ್ಷೆ) ವರದಿಯಲ್ಲಿ ಆರೋಗ್ಯವಂತರ ಆಕ್ಸಿಜನ್ ಪುಸ್ತಕದ ಅಂಕಿಗಿಂತ ತುಸು ಕಡಿಮೆ ಬಂದರೆ ಗಾಬರಿ ಬೇಡ.

ಎತ್ತರದಿಂದ ನಿಜವಾದ ತೊಂದರೆ ಇರುವುದು ಸಣ್ಣ ನರ್ಸಿಂಗ್ ಹೋಮ್‌ಗಳ ಆಟೋಕ್ಲೇವ್‌ನಲ್ಲಿ, ಅಂದರೆ ಉಪಕರಣಗಳನ್ನು ಆವಿಯಿಂದ ಸ್ಟೆರೈಲ್ ಮಾಡುವ ಯಂತ್ರದಲ್ಲಿ. ತಾಪಮಾನ ನೋಡಿ ನಡೆಯುವ ದೊಡ್ಡ ಸ್ವಯಂಚಾಲಿತ ಯಂತ್ರಗಳ ಮಾತು ಬೇರೆ. ಪ್ರೆಶರ್ ಗೇಜ್ ಮಾತ್ರ ಇರುವ ನಿಲುವಿನ ಆಟೋಕ್ಲೇವ್‌ಗೆ ‘15 ಪೌಂಡ್, 15 ನಿಮಿಷ’ ಎಂಬ ಮಂತ್ರ ಎಲ್ಲರಿಗೂ ಬಾಯಿಪಾಠ. ಆದರೆ ಸೂಕ್ಷ್ಮಜೀವಿಗಳನ್ನು ಕೊಲ್ಲುವುದು ಒತ್ತಡವಲ್ಲ, 121 ಡಿಗ್ರಿಯ ತೇವದ ಶಾಖ. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚಿದೆ ಎಂಬುದನ್ನು. ಸಮುದ್ರಮಟ್ಟದಲ್ಲಿ ಗೇಜ್ 15 ಪೌಂಡ್ ತೋರಿಸಿದರೆ ಒಳಗೆ 121 ಡಿಗ್ರಿ. ನಮ್ಮಲ್ಲಿ ಹೊರಗಿನ ಗಾಳಿಯೇ ಒಂದೂವರೆ ಪೌಂಡ್ ಹಗುರ. ಹಾಗಾಗಿ ಗೇಜ್‌ನಲ್ಲಿ ಅದೇ 15 ಇದ್ದರೂ ಒಳಗೆ 119 ಡಿಗ್ರಿಯ ಆಸುಪಾಸು. ಎರಡು ಡಿಗ್ರಿ ತಾನೇ ಎನ್ನಬೇಡಿ. ಗಟ್ಟಿ ಬೀಜಕಣಗಳ ವಿಷಯದಲ್ಲಿ ಶಾಖ ಹತ್ತು ಡಿಗ್ರಿ ಇಳಿದರೆ ಹತ್ತು ಪಟ್ಟು ಹೊತ್ತು ಬೇಕು ಎಂಬ ಲೆಕ್ಕವಿದೆ. ಆ ಪ್ರಕಾರ ಈ ಸಣ್ಣ ಕೊರತೆಯೇ 15 ನಿಮಿಷದ ಕೆಲಸವನ್ನು 22–24 ನಿಮಿಷಕ್ಕೆ ಒಯ್ಯುತ್ತದೆ. ಬೆಂಗಳೂರಿನಲ್ಲಿ ಗೇಜ್ 16.5 ಪೌಂಡ್ ಹತ್ತಿರ ಇರಬೇಕು, ಯಂತ್ರದ ಸುರಕ್ಷತಾ ಮಿತಿಯೊಳಗೆ. ಥರ್ಮಾಮೀಟರ್ ಇದ್ದರೆ ಅದನ್ನೇ ನಂಬಿ.

ಗಾಳಿ ಹೊರಗೆ ಹೋಗುವುದು ಇನ್ನೂ ಮುಖ್ಯ. ಮನೆಯ ಕುಕ್ಕರ್‌ನಲ್ಲಿ ಆವಿ ಬುಸ್ಸೆಂದು ಬಂದ ಮೇಲೆ ವೆಯ್ಟ್ ಹಾಕುತ್ತೇವಲ್ಲ, ಆ ಆವಿ ಒಳಗಿನ ಗಾಳಿಯನ್ನು ಹೊರಗೆ ತಳ್ಳಿರುತ್ತದೆ. ಆಟೋಕ್ಲೇವ್‌ನಲ್ಲೂ ಕವಾಟದಿಂದ ಆವಿ ಒಂದೇ ಸಮನೆ ಬರುವವರೆಗೆ ಅದನ್ನು ಮುಚ್ಚಬಾರದು. ಸಮುದ್ರಮಟ್ಟದ ಲೆಕ್ಕದಲ್ಲೇ, ಅರ್ಧದಷ್ಟು ಗಾಳಿ ಒಳಗೆ ಉಳಿದಿದ್ದರೆ ಗೇಜ್‌ನಲ್ಲಿ 15 ಪೌಂಡ್ ಇದ್ದರೂ ಶಾಖ 112 ಡಿಗ್ರಿ ಮಾತ್ರ. ಗಾಳಿ ಪೂರ್ತಿ ಉಳಿದರೆ 100. ಬಟ್ಟೆ, ಉಪಕರಣ ತುಂಬುವ ಡ್ರಮ್‌ನ ಪಕ್ಕದ ತೂತುಗಳನ್ನು ತೆರೆದು ಒಳಗಿಡಬೇಕು, ತೆಗೆದ ಕೂಡಲೇ ಮುಚ್ಚಬೇಕು. ಲಿನನ್ ಬಿಗಿಯಾಗಿ ತುರುಕಿದರೆ ನಡುವಿನ ಗಾಳಿ ಜಾಗ ಬಿಡುವುದಿಲ್ಲ. ಬಟ್ಟಲು, ಟ್ರೇಗಳನ್ನು ಮೇಲ್ಮುಖವಾಗಿ ಇಟ್ಟರೆ ಆವಿಗಿಂತ ಭಾರವಾದ ಗಾಳಿ ಅದರೊಳಗೇ ಕೂರುತ್ತದೆ, ಅವನ್ನು ಪಕ್ಕಕ್ಕೆ ವಾಲಿಸಿ. ಪಟ್ಟೆ ಕಪ್ಪಾಗುವ ಟೇಪ್, ಈ ಗಂಟು ಬಿಸಿಗೆ ಸಿಕ್ಕಿತ್ತು ಎಂದಷ್ಟೇ ಹೇಳುತ್ತದೆ. ಒಳಗಿನದು ಸ್ಟೆರೈಲ್ ಆಯಿತೇ ಎಂಬುದು ಅದಕ್ಕೆ ಗೊತ್ತಿಲ್ಲ. ಅದನ್ನು ತಿಳಿಯಲು ಜಿಯೋಬ್ಯಾಸಿಲಸ್ ಸ್ಟೀರೋಥರ್ಮೋಫಿಲಸ್ ಬೀಜಕಣಗಳ ಸೂಚಕವನ್ನು ಗಂಟಿನ ನಡುವೆ ಇಟ್ಟು, ಆಮೇಲೆ ಬೆಳೆಸಿ ನೋಡಬೇಕು. ಒದ್ದೆಯಾಗಿ ಹೊರಬಂದ ಗಂಟನ್ನು ಬಳಸಬೇಡಿ. ತೇವದ ಬಟ್ಟೆ ಹೊರಗಿನ ಸೂಕ್ಷ್ಮಜೀವಿಯನ್ನು ಒಳಕ್ಕೆ ಹೀರುತ್ತದೆ.

ಆಕ್ಸಿಜನ್ ಸಿಲಿಂಡರ್ ಲೆಕ್ಕ ಬಾಯಲ್ಲೇ ಮಾಡಲು ಬರಬೇಕು. ಬಿ ಟೈಪ್ ಸಿಲಿಂಡರ್‌ನ ಒಳಗಾತ್ರ 10 ಲೀಟರ್, ತುಂಬಿದಾಗ 150 ಬಾರ್, ಅಂದರೆ 1500 ಲೀಟರ್ ಆಕ್ಸಿಜನ್. ಗೇಜ್ 60 ತೋರಿಸಿದರೆ 600 ಲೀಟರ್. ಕೊನೆಯ 20 ಬಾರ್ ಮುಟ್ಟಬಾರದು ಎಂದಿಟ್ಟುಕೊಂಡರೆ ಕೈಗೆ ಸಿಗುವುದು 400. ನಿಮಿಷಕ್ಕೆ 10 ಲೀಟರ್‌ಗೆ 40 ನಿಮಿಷ, 15 ಲೀಟರ್‌ಗೆ 26 ನಿಮಿಷ. ಯಲಹಂಕದಿಂದ ನಿಮ್ಹಾನ್ಸ್‌ಗೆ ಸಂಜೆ ಹೊತ್ತು ಹೊರಟ ಆಂಬುಲೆನ್ಸ್ ಹೆಬ್ಬಾಳ ದಾಟುವುದಕ್ಕೇ ಎಷ್ಟು ಹೊತ್ತು ಬೇಕು ಎಂಬುದು ನಿಮಗೆ ಗೊತ್ತು. ದಾರಿಯ ಹೊತ್ತಿನ ಎರಡರಷ್ಟಕ್ಕೆ ಆಗುವಷ್ಟು ಆಕ್ಸಿಜನ್ ಇಲ್ಲದೆ ಹೊರಡಬಾರದು. ಹೈ-ಫ್ಲೋ ಯಂತ್ರ ನಿಮಿಷಕ್ಕೆ 50 ಲೀಟರ್ ಶುದ್ಧ ಆಕ್ಸಿಜನ್ ಎಳೆದರೆ ತುಂಬಿದ ಬಿ ಟೈಪ್ ಅರ್ಧ ಗಂಟೆಗೆ ಖಾಲಿ. ಈ ಗುಣಾಕಾರ ನಡೆಯುವುದು ಆಕ್ಸಿಜನ್ ಒಳಗೆ ಅನಿಲವಾಗಿಯೇ ಇರುವುದರಿಂದ. ನೈಟ್ರಸ್ ಆಕ್ಸೈಡ್ ದ್ರವವಾಗಿರುತ್ತದೆ. ದ್ರವದ ಕೊನೆಯ ಹನಿ ಆವಿಯಾಗುವವರೆಗೂ ಗೇಜ್ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಿ, ಆಮೇಲೆ ದಿಢೀರನೆ ಬೀಳುತ್ತದೆ. ಗುಂಡು ತೇಲುವ ಫ್ಲೋಮೀಟರ್ ನೆಟ್ಟಗೆ ನಿಂತಿರಬೇಕು, ಗುಂಡಿನ ನಡುಭಾಗದಲ್ಲಿ ಓದಬೇಕು. ಟ್ರಾಲಿಯಲ್ಲಿ ಸಿಲಿಂಡರನ್ನು ಮಲಗಿಸಿದರೆ ಆ ಗುಂಡು ಹೇಳುವುದೆಲ್ಲ ಸುಳ್ಳು. ವಾಲ್ವ್ ನಿಧಾನ ತೆರೆಯಿರಿ, ಎಣ್ಣೆ ಗ್ರೀಸ್ ಸೋಕಿಸಬೇಡಿ: ಥಟ್ಟನೆ ತೆರೆದರೆ ರೆಗ್ಯುಲೇಟರ್‌ನೊಳಗೆ ಅನಿಲ ಅದುಮಿಕೊಂಡು ಕಾದು ಬೆಂಕಿ ಹೊತ್ತಿಕೊಳ್ಳಬಹುದು. ಎಂಆರ್‌ಐ ಕೋಣೆಗೆ ಕಬ್ಬಿಣದ ಸಿಲಿಂಡರ್ ಒಯ್ಯಲೇಬಾರದು. ಸ್ಕ್ಯಾನ್ ನಡೆಯದಿದ್ದಾಗಲೂ ಆ ಅಯಸ್ಕಾಂತ ಜೀವಂತವಾಗಿಯೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈಯಲ್ಲಿ ಸಂಬಂಧಿಕರೊಬ್ಬರ ಸ್ಕ್ಯಾನ್‌ಗೆ ಸಿಲಿಂಡರ್ ಹಿಡಿದು ಒಳಹೋದ ಯುವಕ ಪ್ರಾಣ ಕಳೆದುಕೊಂಡದ್ದು ಹೀಗೆಯೇ.

ಇನ್ನು ಔಷಧಿ ಬೆರೆಸುವ ವಿಷಯ. 15 ಪರ್ಸೆಂಟ್ ಪೊಟ್ಯಾಸಿಯಂ ಕ್ಲೋರೈಡ್‌ನ 10 ಮಿ.ಲೀ. ಆಂಪೂಲ್‌ನಲ್ಲಿ 20 ಮಿಲಿಈಕ್ವಿವಲೆಂಟ್ (ಪೊಟ್ಯಾಸಿಯಂ ಅಳೆಯುವ ಘಟಕ) ಇದೆ. ಅದು ಸಲೈನ್‌ಗಿಂತ ಭಾರ. ತೂಗುಹಾಕಿದ ಬಾಟಲಿಗೆ ಕೆಳಗಿನ ಪೋರ್ಟ್‌ನಿಂದ ಚುಚ್ಚಿ ಸುಮ್ಮನಾದರೆ ಅದು ಮೇಲಕ್ಕೆ ಹೋಗುವುದಿಲ್ಲ, ಬಾಯಿಯ ಹತ್ತಿರವೇ ಕೂತುಕೊಳ್ಳುತ್ತದೆ. ಲೇಬಲ್ ಮೇಲೆ 500 ಮಿ.ಲೀ.ನಲ್ಲಿ 20 ಎಂದು ಬರೆದಿದ್ದರೂ, ಮೊದಲ ಕೆಲವು ಮಿ.ಲೀ.ನಲ್ಲೇ ಬಹುಪಾಲು ರಕ್ತಕ್ಕೆ ಹೋಗಿ ಹೃದಯ ನಿಲ್ಲಬಹುದು. ಬಾಟಲಿ ಇಳಿಸಿ, ಡ್ರಿಪ್ ಸೆಟ್ ಚುಚ್ಚುವ ಮುಂಚೆ ಔಷಧಿ ಹಾಕಿ, ಹತ್ತು ಬಾರಿಯಾದರೂ ತಲೆಕೆಳಗು ಮಾಡಿ, ಆಮೇಲೆ ತೂಗುಹಾಕಿ. ನಡೆಯುತ್ತಿರುವ ಡ್ರಿಪ್‌ಗೆ ಪೊಟ್ಯಾಸಿಯಂ ಸೇರಿಸುವುದು ಬೇಡವೇ ಬೇಡ.

ಇನ್ಸುಲಿನ್ ನಮ್ಮಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್‌ನ ವಯಲ್ ಆಗಿಯೂ, 100 ಯೂನಿಟ್‌ನದಾಗಿಯೂ ಬರುತ್ತದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ. ಕೆಂಪು ಸಿರಿಂಜ್‌ನಲ್ಲಿ 100ರ ಇನ್ಸುಲಿನ್ ತೆಗೆದು 20ರ ಗೆರೆಗೆ ನಿಲ್ಲಿಸಿದರೆ ಅದು ಅರ್ಧ ಮಿ.ಲೀ., ಅಂದರೆ 50 ಯೂನಿಟ್. ತಿರುಗುಮುರುಗಾದರೆ 20 ಕೊಡಬೇಕಾದಲ್ಲಿ 8. ಡಿಸ್ಚಾರ್ಜ್ ಆಗುವ ರೋಗಿಗೂ ಮನೆಯವರಿಗೂ ವಯಲ್ ಮತ್ತು ಸಿರಿಂಜ್ ಎರಡನ್ನೂ ಕೈಯಲ್ಲಿ ಹಿಡಿಸಿ ತೋರಿಸಿಯೇ ಕಳಿಸಬೇಕು, ಬಾಯಲ್ಲಿ ಹೇಳಿದರೆ ಸಾಲದು. ಇನ್ಸುಲಿನ್ ಅನ್ನು ಬೆರೆಸಿ ಸಿರಿಂಜ್ ಪಂಪ್‌ನಲ್ಲಿ ಹಾಕುವಾಗ ಆ ದ್ರಾವಣದ 20 ಮಿ.ಲೀ. ಲೈನ್‌ನಲ್ಲಿ ಹರಿಸಿ ಚೆಲ್ಲಬೇಕು, ಯಾಕೆಂದರೆ ಇನ್ಸುಲಿನ್ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ. ಮೊದಲ ಗಂಟೆ ಶುಗರ್ ಇಳಿಯದೆ ಇರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಡೆಕ್ಸ್‌ಟ್ರೋಸ್‌ನಲ್ಲಿ ಹರಳುಗಟ್ಟುತ್ತದೆ, ಸಲೈನ್‌ನಲ್ಲಿ ಮಾತ್ರ ಹಾಕಿ. ಸೆಫ್ಟ್ರಿಯಾಕ್ಸೋನ್ ಆ್ಯಂಟಿಬಯೋಟಿಕ್ ಅನ್ನು ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಹೋಗುತ್ತಿರುವ ಲೈನ್‌ಗೆ ಕೊಡಬೇಡಿ, ಅದರ ಕ್ಯಾಲ್ಸಿಯಂ ಜೊತೆ ಗಸಿಯಾಗುತ್ತದೆ.

ಎದೆಯೊಳಗೆ ಸೇರಿದ ಗಾಳಿ, ರಕ್ತವನ್ನು ಹೊರತೆಗೆಯುವ ಡ್ರೈನ್ ಬಾಟಲಿಯಲ್ಲಿ ಗಾಜಿನ ಕೊಳವೆ ನೀರಿನೊಳಗೆ 2 ಸೆಂ.ಮೀ. ಮುಳುಗಿರಬೇಕು. ಎದೆಯೊಳಗಿನ ಗಾಳಿ ಹೊರಬರಲು ಅಷ್ಟು ಒತ್ತಡ ಮೀರಿದರೆ ಸಾಕು. ಒಂದೇ ಬಾಟಲಿಯ ವ್ಯವಸ್ಥೆಯಲ್ಲಿ ರಕ್ತ ಬಂದು ಮಟ್ಟ 10 ಸೆಂ.ಮೀ. ಏರಿದರೆ ಗಾಳಿ 12 ಸೆಂ.ಮೀ. ನೀರನ್ನು ತಳ್ಳಬೇಕು, ಗುಳ್ಳೆ ನಿಂತಿತು, ಸೋರಿಕೆ ವಾಸಿಯಾಯಿತು ಎಂದು ತಪ್ಪಾಗಿ ಬರೆದುಕೊಳ್ಳುತ್ತೇವೆ. ಬಾಟಲಿ ಬದಲಿಸಿ. ಎಕ್ಸ್‌ರೇಗೆ ಸಾಗಿಸುವಾಗ ಅದನ್ನು ರೋಗಿಯ ಕಾಲ ಮೇಲೆ ಇಡುವುದನ್ನು ಬಹಳ ಕಡೆ ನೋಡುತ್ತೇವೆ. ಎದೆಗಿಂತ ಮೇಲಾದರೆ ನೀರು ಒಳಕ್ಕೆ ಹೋಗುತ್ತದೆ. ಕೆಳಗೇ ಹಿಡಿಯಿರಿ. ಗುಳ್ಳೆ ಬರುತ್ತಿರುವ ಡ್ರೈನನ್ನು ಕ್ಲ್ಯಾಂಪ್ ಮಾಡಬೇಡಿ, ಗಾಳಿ ಒಳಗೇ ಸೇರಿ ಶ್ವಾಸಕೋಶವನ್ನೂ ಹೃದಯವನ್ನೂ ಒತ್ತುತ್ತದೆ.

ಕರೆಂಟ್ ವಿಷಯ ಚಿಕ್ಕದಾಗಿ. ಮೂರು ಪಿನ್‌ನ ಪ್ಲಗ್ಗನ್ನು ಎರಡು ಪಿನ್ ಅಡಾಪ್ಟರ್‌ಗೆ ಹಾಕಿದರೆ ಅರ್ತ್ ಹೋಯಿತು. ಹೊರಮೈಗೆ ತಾಗಿದರೆ ಗೊತ್ತೇ ಆಗದ 100 ಮೈಕ್ರೋಆಂಪ್‌ನಷ್ಟು ಸೋರಿಕೆಯೂ ಹೃದಯಕ್ಕೆ ನೇರ ಹೋಗುವ ಪೇಸಿಂಗ್ ತಂತಿಯ (ಬಡಿತ ನಡೆಸುವ ತಂತಿ) ಮೂಲಕ ಹೋದರೆ ಪ್ರಾಣಕ್ಕೆ ಅಪಾಯ. ಆ ತಂತಿಗಳನ್ನು ಒಣ ಕೈಗವಸು ಹಾಕಿಯೇ ಮುಟ್ಟಿ, ತುದಿಗಳನ್ನು ಮುಚ್ಚಿಡಿ. ಯಂತ್ರದ ಮೇಲೆ ಚೌಕದೊಳಗೆ ಹೃದಯದ ಚಿಹ್ನೆ ಇದ್ದರೆ ಮಾತ್ರ ಅದರ ರೋಗಿಗೆ ತಾಗುವ ಭಾಗ ನೇರ ಹೃದಯ ಸಂಪರ್ಕಕ್ಕೆ ತಕ್ಕದ್ದು. ಚೌಕದೊಳಗೆ ಮನುಷ್ಯನ ಚಿಹ್ನೆ ಇದ್ದರೆ ಅಲ್ಲ. ಯುಪಿಎಸ್ ಸಾಕೆಟ್‌ಗೆ ಕೆಟಲ್, ರೂಮ್ ಹೀಟರ್ ಹಾಕಬೇಡಿ. ಬೇಡದ ಪಂಪ್‌ಗಳನ್ನೂ ಚಾರ್ಜ್‌ಗೆ ಹಾಕಿಯೇ ಇಡಿ.

ಇಷ್ಟೆಲ್ಲ ಗೊತ್ತಿದ್ದೂ ಯಂತ್ರ ಕೈಕೊಡುವುದುಂಟು. ಪಂಪ್ ತಪ್ಪಾಗಿ ಓಡಿತು ಎಂದು ಅನುಮಾನ ಬಂದರೆ ಮೊದಲು ಲೈನ್ ಮುಚ್ಚಿ, ರೋಗಿಯನ್ನು ನೋಡಿ, ಬೇರೆ ಪಂಪ್ ಹಾಕಿ. ಆಮೇಲೆ ಆ ಪಂಪನ್ನು ಒರೆಸಿ ಕಪಾಟಿಗೆ ಸೇರಿಸಬೇಡಿ. ಸಿರಿಂಜ್, ಲೈನ್ ಸಮೇತ ಹಾಗೇ ತೆಗೆದಿಟ್ಟು ‘ಬಳಸಬೇಡಿ’ ಎಂದು ಚೀಟಿ ಅಂಟಿಸಿ. ಸಿರಿಂಜ್‌ನಲ್ಲಿ ಎಷ್ಟು ಉಳಿದಿತ್ತು, ಯಾವ ರೇಟ್ ಇತ್ತು, ಯಾವ ಬ್ರ್ಯಾಂಡ್ ಆರಿಸಿತ್ತು, ಯಾವ ಅಲಾರಂ ಬಂತು, ಸೀರಿಯಲ್ ನಂಬರ್ ಏನು ಎಂದು ಬರೆದಿಡಿ. ಬಯೋಮೆಡಿಕಲ್‌ನವರಿಗೆ ಹೇಳುವುದರ ಜೊತೆಗೆ, ವೈದ್ಯಕೀಯ ಉಪಕರಣಗಳಿಂದಾಗುವ ತೊಂದರೆಗಳನ್ನು ದಾಖಲಿಸಲು 2015ರಲ್ಲಿ ಶುರುವಾದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮಕ್ಕೂ ವರದಿ ಕಳಿಸಬಹುದು. ಗಾಜಿಯಾಬಾದ್‌ನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನೋಡಿಕೊಳ್ಳುತ್ತದೆ; ವರದಿ ಮಾಡುವ ಅಧಿಕಾರ ಡಾಕ್ಟರ್‌ಗೆ ಇರುವಷ್ಟೇ ಸಿಸ್ಟರ್‌ಗೂ ಇದೆ. ಪಂಪ್‌ನ ನೆನಪಿನಲ್ಲಿ ಪ್ರತಿ ಬಟನ್ ಒತ್ತಿದ್ದೂ ಹೊತ್ತಿನ ಸಮೇತ ದಾಖಲಾಗಿರುತ್ತದೆ, ಆದರೆ ಆ ಗಡಿಯಾರ ಗೋಡೆಯ ಗಡಿಯಾರಕ್ಕಿಂತ ಹಿಂದೆ ಮುಂದೆ ಇರಬಹುದು. ಹಾಗಾಗಿ ತೆಗೆದಿಡುವಾಗ ಪಂಪ್‌ನ ಗಡಿಯಾರದ ಹೊತ್ತನ್ನೂ ಗೋಡೆಯ ಗಡಿಯಾರದ ಹೊತ್ತನ್ನೂ ಒಂದೇ ಚೀಟಿಯಲ್ಲಿ ಅಕ್ಕಪಕ್ಕ ಬರೆಯಿರಿ.